ಹೃದಯಕ್ಕೆ ಒಂದೇ ಜೀನ್ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ‘ಮೀನಿನಲ್ಲಿ ಹೃದಯದ ಜೀನ್ ಪತ್ತೆ’ ಎಂಬ ತಲೆಬರಹ ಇತ್ತು. ನಾನು ವಿಜ್ಞಾನಿಯಲ್ಲ. ಲ್ಯಾಬ್ ಒಂದರಲ್ಲಿ ಜೀಬ್ರಾ ಮೀನಿನ ತೊಟ್ಟಿಗಳನ್ನು ನೋಡಿಕೊಳ್ಳುವವಳು. ಬೆಳಗ್ಗೆ ದೀಪ ಹಾಕಿದ ಮೇಲೆ ಮೀನುಗಳು ಇಡುವ ಮೊಟ್ಟೆಗಳನ್ನು ಸೋಸಿ, ಕೆಟ್ಟವನ್ನು ಆರಿಸಿ ತೆಗೆಯುವುದು ನನ್ನ ಕೆಲಸ. ಆದರೂ ಆ ತಲೆಬರಹದ ಬಗ್ಗೆ ನನ್ನದೊಂದು ತಕರಾರಿದೆ.

ಈ ಮೀನಿನ ಭ್ರೂಣ ಪಾರದರ್ಶಕ. ಒಳಗೆ ನಡೆಯುವುದೆಲ್ಲ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಮೊಟ್ಟೆ ಫಲಿತವಾಗಿ ಸುಮಾರು 24 ಗಂಟೆಗೆ ಹೃದಯ ಬಡಿಯತೊಡಗುತ್ತದೆ. ಅದಕ್ಕೂ ಮೊದಲು ಹೃದಯವಾಗಬೇಕಾದ ಕೋಶಗಳು ಎಡಕ್ಕೊಂದು, ಬಲಕ್ಕೊಂದು ಗುಂಪಾಗಿರುತ್ತವೆ. ಅವು ನಡುವಿಗೆ ಸರಿದು, ಕೂಡಿ, ಒಂದು ಕೊಳವೆಯಾಗಬೇಕು. ‘ಮೈಲ್ಸ್ ಅಪಾರ್ಟ್’ ಎಂಬ ಜೀನ್ ಕೆಟ್ಟರೆ ಅವು ಕೂಡುವುದೇ ಇಲ್ಲ. ಒಂದೇ ಮರಿಯಲ್ಲಿ ಎರಡು ಹೃದಯ, ಎರಡೂ ಬಡಿಯುತ್ತವೆ! ಅದನ್ನು ನೋಡಿದವರು ಬೇಗ ಮರೆಯುವುದಿಲ್ಲ.

ಸ್ವಾರಸ್ಯ ಇರುವುದು ಇನ್ನು ಮುಂದೆ. ಸಂಶೋಧಕರು ಸರಿಯಿರುವ ಕೋಶಗಳನ್ನು ಈ ಜೀನ್ ಕೆಟ್ಟ ಭ್ರೂಣದೊಳಗೆ ಹಾಕಿ ನೋಡಿದರು. ಅವೂ ನಡುವಿಗೆ ಬರಲಿಲ್ಲ. ಕೆಟ್ಟ ಕೋಶಗಳನ್ನು ಸರಿಯಿರುವ ಭ್ರೂಣಕ್ಕೆ ಹಾಕಿದರು. ಅವು ಬಂದು ಸೇರಿದವು. 2000ರಲ್ಲಿ ಪ್ರಕಟವಾದ ಕೆಲಸ ಇದು. ಅಂದರೆ ತಪ್ಪು ಹೃದಯದ ಕೋಶಗಳದ್ದಲ್ಲ, ಅವುಗಳ ನೆರೆಹೊರೆಯದ್ದು. ಇದನ್ನು ‘ಹೃದಯದ ಜೀನ್’ ಅನ್ನುವುದು ಹೇಗೆ?

ಹೃದಯ ಕಟ್ಟಲು ಬೇಕಾದ ಜೀನ್‌ಗಳು ಇನ್ನೂ ಎಷ್ಟೋ ಇವೆ. ಗಾಟಾ5, ಹ್ಯಾಂಡ್2 ಇಲ್ಲದಿದ್ದರೆ ಹೃದಯದ ಕೋಶಗಳೇ ಸಾಕಷ್ಟು ಹುಟ್ಟುವುದಿಲ್ಲ. ‘ಸೈಲೆಂಟ್ ಹಾರ್ಟ್’ ಕೆಟ್ಟರೆ ಹೃದಯ ರೂಪುಗೊಳ್ಳುತ್ತದೆ, ಬಡಿಯುವುದಿಲ್ಲ ಅಷ್ಟೇ. ಆದರೂ ಮರಿ ಕೆಲವು ದಿನ ಬದುಕಿರುತ್ತದೆ. ಮೈ ಅಷ್ಟು ಚಿಕ್ಕದು, ಆಮ್ಲಜನಕ ನೀರಿನಿಂದ ನೇರವಾಗಿ ಒಳಗಿಳಿಯುತ್ತದೆ. ಇಲಿಯ ಭ್ರೂಣವಾಗಿದ್ದರೆ ನೋಡುವ ಮೊದಲೇ ಸತ್ತಿರುತ್ತಿತ್ತು. 1996ರಲ್ಲಿ ಫಲಿತಾಂಶ ಪ್ರಕಟಿಸಿದ ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬಾಸ್ಟನ್‌ನ ತಂಡಗಳು ಇಂಥ ದೋಷಗಳನ್ನು ರಾಶಿಗಟ್ಟಲೆ ಹುಡುಕಲು ಈ ಮೀನನ್ನೇ ಆರಿಸಿಕೊಂಡಿದ್ದು ಸುಮ್ನೆ ಅಲ್ಲ.

‘ಮೀನಿನ ಹೃದಯ ಕಟ್ಟಿಕೊಂಡು ನಮಗೇನು’ ಎಂದು ಕೇಳುವವರೂ ಇದ್ದಾರೆ. ಟಿಬಿಎಕ್ಸ್5 ಎಂಬ ಜೀನ್ ಕೆಟ್ಟ ಮರಿಗೆ ಎದೆಯ ರೆಕ್ಕೆ ಇರುವುದಿಲ್ಲ, ಹೃದಯ ದಾರದಂತೆ ಎಳೆದುಕೊಳ್ಳುತ್ತದೆ. ಮನುಷ್ಯರಲ್ಲಿ ಅದೇ ಜೀನ್ ಕೆಟ್ಟರೆ ಹೋಲ್ಟ್-ಓರಮ್ ಎಂಬ ಕಾಯಿಲೆ. ಅಲ್ಲೂ ಕೈ ಮತ್ತು ಹೃದಯಕ್ಕೇ ತೊಂದರೆ.

ನಿಮ್ಮ ವರದಿಯಲ್ಲಿ ಜೀನಿನ ಹೆಸರೇ ಇರಲಿಲ್ಲ. ಮುಂದಿನ ಸಲ ಹೆಸರು ಹಾಕಿ. ಅದು ಯಾವ ಕೋಶದಲ್ಲಿ, ಯಾವ ಗಂಟೆಯಲ್ಲಿ ಬೇಕು ಎಂಬುದನ್ನೂ ಒಂದು ಸಾಲು ಬರೆಯಿರಿ.

– ಮೀನುಮನೆಯ ಸಹಾಯಕಿ, ನಿಮ್ಮ ಓದುಗರಲ್ಲೊಬ್ಬಳು