ತುರ್ತು ಟಪಾಲು: ಗಡುವಿನಿಂದ ಹಿಂದಕ್ಕೆ ಎಣಿಸಿ

ಮಾನ್ಯ ಸಂಪಾದಕರೇ,

ಅರ್ಜಿ ತಡವಾಗಿ ತಲುಪಿತು, ಟೆಂಡರ್ ಲಕೋಟೆ ಹೊತ್ತು ಮೀರಿ ಬಂತು, ಯಂತ್ರದ ಬಿಡಿಭಾಗ ನಡುದಾರಿಯಲ್ಲೇ ಉಳಿಯಿತು ಎಂಬ ದೂರುಗಳು ಓದುಗರ ಪತ್ರಗಳಲ್ಲಿ ಆಗಾಗ ಕಾಣುತ್ತವೆ. ಸಾಗಣೆಯವರ ತಪ್ಪೇ ಇಲ್ಲ ಎಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಆದರೆ ತಡವಾದ ಎಷ್ಟೋ ಪಾರ್ಸೆಲ್‌ಗಳ ಹಣೆಬರಹ ವಾಹನ ಹೊರಡುವ ಮೊದಲೇ, ಬುಕಿಂಗ್ ಕೌಂಟರಿನಲ್ಲೇ ಬರೆದು ಮುಗಿದಿರುತ್ತದೆ. ‘ಎಲ್ಲಕ್ಕಿಂತ ಬೇಗ ಹೋಗುವುದು ಯಾವುದು?’ ಎಂದು ಕೇಳಿ ದುಡ್ಡು ಕೊಟ್ಟು ಬಂದರೆ ಕೆಲಸ ಮುಗಿಯಲಿಲ್ಲ. ವೇಗದ ಸೇವೆಗೆ ಹೆಚ್ಚು ದುಡ್ಡು ಕೊಟ್ಟವರೇ ಗಡುವು ತಪ್ಪಿಸಿಕೊಳ್ಳುವುದನ್ನು ರವಾನೆ ವಿಭಾಗದಲ್ಲಿರುವ ನಾವು ನೋಡುತ್ತಲೇ ಇರುತ್ತೇವೆ.

ಮೊದಲು ಗಡುವನ್ನು ಗಂಟೆಯ ಲೆಕ್ಕಕ್ಕೆ ಇಳಿಸಿಕೊಳ್ಳಬೇಕು. ಶುಕ್ರವಾರ ಸಂಜೆ 4ಕ್ಕೆ ಟೆಂಡರ್ ಪೆಟ್ಟಿಗೆ ಮುಚ್ಚುತ್ತದೆ ಎಂದಿಟ್ಟುಕೊಳ್ಳಿ. ‘ಶುಕ್ರವಾರ ತಲುಪುತ್ತದೆ ಸಾರ್’ ಎಂಬ ಮಾತಿನಿಂದ ಏನೂ ಪ್ರಯೋಜನವಿಲ್ಲ. ಹೊತ್ತನ್ನು ನಮೂದಿಸದ ಸೇವೆಯಲ್ಲಿ ಶುಕ್ರವಾರ ಎಂದರೆ ಆ ದಿನದ ಬಟವಾಡೆ ಮುಗಿಯುವವರೆಗಿನ ಯಾವ ಹೊತ್ತೂ ಆಗಬಹುದು. ಹಾಗಾಗಿ ಗುರುವಾರವೇ ಲಕೋಟೆ ಅವರ ಕೈಯಲ್ಲಿರಬೇಕು. ಗುರುವಾರ ಹೋದಾಗ ಬಾಗಿಲು ಹಾಕಿದ್ದರೆ? ಎರಡನೆಯ ಯತ್ನ ಸಾಮಾನ್ಯವಾಗಿ ಮರುದಿನವೇ. ಅದಕ್ಕೂ ಜಾಗ ಬಿಡಬೇಕೆಂದರೆ ಗುರಿ ಬುಧವಾರಕ್ಕೆ ಬರುತ್ತದೆ. ಸೇವೆ 2 ಕೆಲಸದ ದಿನಗಳದ್ದಾದರೆ ಸೋಮವಾರವೇ ಬುಕ್ ಆಗಬೇಕು, ಅದೂ ಸಂಜೆಯ ವಾಹನ ಹೊರಡುವ ಮೊದಲು. ಅತ್ತ ಕಡೆಯ ರಜೆ, ಇತ್ತ ಕಡೆಯ ರಜೆ ಎರಡನ್ನೂ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಬುಕ್ ಮಾಡಿದ ‘ಎರಡು ದಿನ’ದ ಪಾರ್ಸೆಲ್ ಮುಂದಿನ ಮಂಗಳವಾರವೋ ಬುಧವಾರವೋ ತಲುಪಿದರೆ ಸೇವೆಯ ನಿಯಮದ ಪ್ರಕಾರ ಅದು ತಡವೇ ಅಲ್ಲ.

ಸಂಜೆಯ ವಾಹನಕ್ಕೆ ಇಷ್ಟು ಮಹತ್ವ ಏಕೆಂದರೆ ಎಕ್ಸ್‌ಪ್ರೆಸ್ ಸಾಗಣೆಯೆಲ್ಲ ಹಬ್‌ಗಳ ಮೇಲೆ ನಿಂತಿದೆ. ಊರೂರಿನ ಪಾರ್ಸೆಲ್‌ಗಳು ರಾತ್ರಿ ಒಂದು ಕಡೆ ಸೇರಿ, ಅಲ್ಲಿ ವಿಂಗಡಣೆಯಾಗಿ, ಬೆಳಗಾಗುವ ಮೊದಲು ಬೇರೆ ಬೇರೆ ದಿಕ್ಕಿಗೆ ಹೊರಡುತ್ತವೆ. ಕೊರಿಯರ್ ಕಂಪನಿ ಫೆಡೆಕ್ಸ್ 1973ರ ಏಪ್ರಿಲ್ 17ರಂದು ಅಮೆರಿಕದ ಮೆಂಫಿಸ್‌ನಿಂದ 14 ವಿಮಾನಗಳಲ್ಲಿ 186 ಪಾರ್ಸೆಲ್‌ಗಳನ್ನು 25 ನಗರಗಳಿಗೆ ಕಳಿಸಿ ಕೆಲಸ ಶುರುಮಾಡಿದ್ದೂ ಇದೇ ವ್ಯವಸ್ಥೆಯಲ್ಲಿ. ಇದರಲ್ಲಿ ಹತ್ತು ನಿಮಿಷ ತಡವಾದರೆ ಹತ್ತು ನಿಮಿಷ ತಡವಾಗಿ ತಲುಪುವುದಿಲ್ಲ. ರಾತ್ರಿಯ ವಿಂಗಡಣೆ ತಪ್ಪಿದರೆ ಇಡೀ ಒಂದು ದಿನ ಹೋಯಿತು. ಆದ್ದರಿಂದ ಕೌಂಟರ್ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಕೇಳಬೇಡಿ, ‘ಈ ಕೌಂಟರಿನಿಂದ ಇವತ್ತಿನ ಕೊನೆಯ ವಾಹನ ಎಷ್ಟಕ್ಕೆ ಹೊರಡುತ್ತದೆ?’ ಎಂದು ಕೇಳಿ. ರಾತ್ರಿ 9ರವರೆಗೆ ತೆರೆದಿರುವ ಕೌಂಟರಿನ ವಾಹನ ಸಂಜೆ 5ಕ್ಕೇ ಹೋಗಿರಬಹುದು. ಗಡುವು ತೀರ ಹತ್ತಿರವಿದ್ದರೆ ಬೀದಿಯ ಏಜೆಂಟರ ಬಳಿ ಕೊಡದೆ ನೇರವಾಗಿ ಹಬ್ ಅಥವಾ ವಿಮಾನ ನಿಲ್ದಾಣದ ಬುಕಿಂಗ್ ಕಚೇರಿಗೆ ಒಯ್ದು ಕೊಡಿ. ಅಲ್ಲಿ ಬುಕಿಂಗ್ ಸಾಮಾನ್ಯವಾಗಿ ಇನ್ನೂ ಕೆಲವು ಗಂಟೆ ನಡೆಯುತ್ತದೆ.

ಏಜೆಂಟರ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಎಷ್ಟೋ ಬುಕಿಂಗ್ ಅಂಗಡಿಗಳು ಪಾರ್ಸೆಲ್ ತೆಗೆದುಕೊಂಡು ಬೇರೆ ಕಂಪನಿಗೆ ಒಪ್ಪಿಸುತ್ತವೆ. ನಡುವೆ ಟ್ರ್ಯಾಕಿಂಗ್ ನಂಬರ್ ಬದಲಾಗುತ್ತದೆ. ತಡವಾದಾಗ ಇವರು ಅವರತ್ತ, ಅವರು ಇವರತ್ತ ಕೈ ತೋರಿಸುತ್ತಾರೆ. ರಸೀದಿಯ ಮೇಲೆ ಯಾರ ಹೆಸರಿದೆ, ಕೊನೆಯ ಮೈಲಿಯ ಬಟವಾಡೆ ಯಾರದು ಎಂಬುದನ್ನು ಮೊದಲೇ ಕೇಳಿ. ಆ ವಿಳಾಸಕ್ಕೆ ಸ್ವಂತ ಬಟವಾಡೆ ಇಲ್ಲದ ಕಂಪನಿಯ ‘ಮರುದಿನ’ ಸೇವೆಗಿಂತ, ಅಲ್ಲಿಗೆ ದಿನವೂ ಹೋಗುವವರ ‘ಎರಡು ದಿನ’ದ ಸೇವೆಯೇ ವಾಸಿ ಎಂಬುದು ನಮ್ಮ ಖಚಿತ ಅಭಿಪ್ರಾಯ.

ರಿಜಿಸ್ಟರ್ಡ್ ಎಂದರೆ ಬೇಗ ಹೋಗುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಭಾರತದ ಒಳನಾಡಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನವಾಗುವವರೆಗೆ ಪ್ರತ್ಯೇಕ ಸೇವೆಯಾಗಿತ್ತು. ರಿಜಿಸ್ಟ್ರೇಷನ್ ಇರುವುದು ಸುರಕ್ಷತೆಗೆ ಮತ್ತು ಪುರಾವೆಗೆ. ಆಗ ಪ್ರತಿ ಹಂತದಲ್ಲೂ ದಾಖಲಾಗಿ ಕೈ ಬದಲಾಯಿಸುತ್ತಿದ್ದ ಲಕೋಟೆ, ದಾಖಲಿಲ್ಲದೆ ಹೋಗುವ ಸಾಮಾನ್ಯ ಅಂಚೆಗಿಂತ ನಿಧಾನವಾದರೂ ಅಚ್ಚರಿಯಿರಲಿಲ್ಲ. ನೋಟಿಸ್ ಕಳಿಸಿದ್ದಕ್ಕೆ ಸಾಕ್ಷಿ ಬೇಕಿದ್ದರೆ ರಿಜಿಸ್ಟ್ರೇಷನ್ ಸರಿ. ಹೊತ್ತಿಗೆ ತಲುಪಬೇಕಿದ್ದರೆ ಎಕ್ಸ್‌ಪ್ರೆಸ್ ಬೇಕು. ಎರಡೂ ಬೇಕಿದ್ದರೆ ಸಹಿ ಪಡೆದು ಕೊಡುವ ಎಕ್ಸ್‌ಪ್ರೆಸ್. ಆದರೆ ಹಗಲೆಲ್ಲ ಬೀಗ ಹಾಕಿರುವ ಮನೆಗೆ ಸಹಿ ಕಡ್ಡಾಯ ಮಾಡಿದರೆ ಪಾರ್ಸೆಲ್ ವಾಪಸ್ ಡಿಪೋಗೆ ಹೋಗುತ್ತದೆ. ಅಂಥ ಕಡೆ ಹತ್ತಿರದ ಕಚೇರಿಯಲ್ಲೇ ಇಟ್ಟು, ಪಡೆಯುವವರೇ ಬಂದು ಒಯ್ಯುವ ಸೌಲಭ್ಯ ಮೇಲು. ಪೋಸ್ಟ್ ಬಾಕ್ಸ್ ನಂಬರ್ ಮಾತ್ರ ಇರುವ ವಿಳಾಸಕ್ಕೆ ಖಾಸಗಿ ಕೊರಿಯರ್ ಸಾಮಾನ್ಯವಾಗಿ ಕೊಡಲಾರದು, ಅಲ್ಲಿಗೆ ಅಂಚೆಯೇ ಆಗಬೇಕು.

ದೊಡ್ಡ ಸಂಸ್ಥೆಗಳ ವಿಳಾಸದಲ್ಲಿ ಇನ್ನೊಂದು ತೊಡಕಿದೆ. ಗೇಟಿನ ಬಳಿಯ ಟಪಾಲು ವಿಭಾಗದಲ್ಲಿ ಯಾರೋ ಸಹಿ ಹಾಕಿದ ಕೂಡಲೇ ಟ್ರ್ಯಾಕಿಂಗ್‌ನಲ್ಲಿ ‘ಬಟವಾಡೆಯಾಗಿದೆ’ ಎಂದು ಬೀಳುತ್ತದೆ. ಅಲ್ಲಿಂದ ಮೂರನೆಯ ಮಹಡಿಯ ಮೇಜಿಗೆ ಹೋಗಲು ಇನ್ನೊಂದು ದಿನ ಹಿಡಿಯಬಹುದು. ವಿಭಾಗದ ಹೆಸರು, ಕೋಣೆ ಸಂಖ್ಯೆ, ಪಡೆಯುವವರ ಫೋನ್ ನಂಬರ್ ಲೇಬಲ್ ಮೇಲೆ ಇರಲಿ, ‘ಕೊನೆಯ ದಿನಾಂಕ ಇಂಥದ್ದು’ ಎಂದು ಲಕೋಟೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಪಿನ್ ಕೋಡ್ ಒಂದಂಕಿ ತಪ್ಪಿದರೆ ಊರಿನ ಹೆಸರು ಎಷ್ಟೇ ಸರಿಯಿದ್ದರೂ ವಿಂಗಡಣೆ ಯಂತ್ರ ನಂಬುವುದು ಅಂಕಿಯನ್ನೇ.

ಲೇಬಲ್‌ನಲ್ಲಿ ಆಗುವ ಎಡವಟ್ಟುಗಳು ಚಿಕ್ಕವು, ಪರಿಣಾಮ ದೊಡ್ಡದು. ಹಳೆಯ ಪೆಟ್ಟಿಗೆಯನ್ನು ಮತ್ತೆ ಬಳಸುವಾಗ ಹಿಂದಿನ ಬಾರ್‌ಕೋಡ್ ಕಿತ್ತುಹಾಕದಿದ್ದರೆ ಯಂತ್ರ ಅದನ್ನೇ ಓದಿ ಪಾರ್ಸೆಲ್ಲನ್ನು ಬೇರೆ ದಾರಿಗೆ ತಳ್ಳಬಹುದು. ಲೇಬಲ್ಲನ್ನು ಪೆಟ್ಟಿಗೆಯ ಅಂಚಿನ ಮೇಲೆ ಮಡಿಸಿ ಅಂಟಿಸಿದರೆ ಗೆರೆಗಳು ಮುರಿದು ಓದಲಾಗುವುದಿಲ್ಲ. ಬಾರ್‌ಕೋಡ್ ಮೇಲೆ ಹೊಳೆಯುವ ಟೇಪ್ ಹಾಕಿದರೆ ಬೆಳಕು ಪ್ರತಿಫಲಿಸಿ ಅದೇ ತೊಂದರೆ. ಓದಲಾಗದ ಪೆಟ್ಟಿಗೆಯನ್ನು ಕೈಯಿಂದ ವಿಂಗಡಿಸಲು ಬದಿಗಿಡುತ್ತಾರೆ, ಆ ರಾತ್ರಿಯ ವಿಮಾನ ಅಲ್ಲಿಗೆ ತಪ್ಪಿತು. ಅತಿ ದೊಡ್ಡ ಚಪ್ಪಟೆ ಮೈ ಮೇಲೆ ಲೇಬಲ್ ಅಂಟಿಸಿ, ಎರಡೂ ಕಡೆಯ ವಿಳಾಸ ಬರೆದ ಒಂದು ಚೀಟಿಯನ್ನು ಒಳಗೂ ಹಾಕಿ. ಹೊರಗಿನ ಲೇಬಲ್ ಹರಿದುಹೋದರೆ ಪಾರ್ಸೆಲ್ಲಿಗೆ ದಿಕ್ಕು ಆ ಚೀಟಿಯೇ. ಪೆಟ್ಟಿಗೆಯೊಳಗೆ ವಸ್ತುವಿನ ಸುತ್ತ ಎಲ್ಲ ಬದಿಗೂ 5 ಸೆಂ.ಮೀ. ಮೆತ್ತೆ ಇರಲಿ, ಕನಿಷ್ಠ 5 ಸೆಂ.ಮೀ. ಅಗಲದ ಟೇಪಿನಿಂದ ನಡುವಿನ ಸೀಳನ್ನೂ ಎರಡು ತುದಿಯ ಅಂಚುಗಳನ್ನೂ ಮುಚ್ಚಿ. ಸುತಲಿ ಕಟ್ಟಬೇಡಿ, ಕನ್ವೇಯರ್ ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ.

ಅಳತೆಯನ್ನೂ ಸರಿಯಾಗಿ ಹೇಳಬೇಕು. ಅನೇಕ ಎಕ್ಸ್‌ಪ್ರೆಸ್ ಕಂಪನಿಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ, ಬಂದದ್ದು ಗಾತ್ರದ ತೂಕ. 40×30×30ರ ಪೆಟ್ಟಿಗೆಗೆ ಅದು 7.2 ಕಿಲೋ. ಒಳಗಿನ ಸಾಮಾನು 3 ಕಿಲೋ ಇದ್ದರೂ ಲೆಕ್ಕಕ್ಕೆ ಬರುವುದು 7.2. ಆನ್‌ಲೈನ್ ಬುಕಿಂಗ್‌ನಲ್ಲಿ 3 ಕಿಲೋ ಎಂದು ಬರೆದು ಕಳಿಸಿದರೆ ಹಬ್‌ನಲ್ಲಿ ಮರು ಅಳತೆಯಾಗುತ್ತದೆ. ಬಾಕಿ ಹಣ ಬರುವವರೆಗೆ ಪಾರ್ಸೆಲ್ ತಡೆದಿಡುವವರೂ ಉಂಟು.

ಬ್ಯಾಟರಿ ಇದ್ದರೆ ಬಚ್ಚಿಡಬೇಡಿ. ಬಿಡಿಯಾದ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದು 2016ರ ಏಪ್ರಿಲ್ 1ರಿಂದ ನಿಷಿದ್ಧ. ಉಪಕರಣದೊಳಗೇ ಇರುವ ಬ್ಯಾಟರಿಗೆ ಬೇರೆ ನಿಯಮ, ಬೇರೆ ಗುರುತು. ಅತ್ತರು, ಉಗುರು ಬಣ್ಣ, ಸ್ಪ್ರೇ ಡಬ್ಬಿಗಳಿಗೂ ನಿರ್ಬಂಧವಿದೆ. ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದರೆ ಪಾರ್ಸೆಲ್ ನಿಲ್ಲುತ್ತದೆ, ಇಲ್ಲವೇ ರಸ್ತೆ ಮಾರ್ಗಕ್ಕೆ ಬೀಳುತ್ತದೆ. ಡ್ರೈ ಐಸ್ (ಕರಗಿ ನೀರಾಗದೆ ನೇರವಾಗಿ ಅನಿಲವಾಗುವ ಘನ ಇಂಗಾಲದ ಡೈಆಕ್ಸೈಡ್) ಹಾಕಿದ ಔಷಧವಾದರೆ ಗಾಳಿಯಾಡದಂತೆ ಸೀಲ್ ಮಾಡಲೇಬಾರದು, ಅನಿಲ ಉಬ್ಬಿ ಪೆಟ್ಟಿಗೆ ಸಿಡಿಯುತ್ತದೆ. ಅಂಥವು ವಾರಾಂತ್ಯದಲ್ಲಿ ದಾರಿಯಲ್ಲೇ ಉಳಿಯದಂತೆ ವಾರದ ಮೊದಲ ದಿನಗಳಲ್ಲೇ ಕಳಿಸಿ.

ವಿದೇಶಕ್ಕೆ ಹೋಗುವುದರಲ್ಲಿ ತಡ ಹೆಚ್ಚಾಗಿ ಕಸ್ಟಮ್ಸ್‌ನಲ್ಲಿ. ‘ಉಡುಗೊರೆ’, ‘ಸ್ಯಾಂಪಲ್’ ಎಂದಷ್ಟೇ ಬರೆದರೆ ಅಧಿಕಾರಿಗೆ ಏನೂ ತಿಳಿಯದು. ‘ಹತ್ತಿಯ ಅಂಗಿ, 2’ ಎಂಬಂತೆ ವಸ್ತು, ಸಂಖ್ಯೆ, ಬೆಲೆ, ಸಾಧ್ಯವಾದರೆ ಎಚ್‌ಎಸ್ ಕೋಡ್ (ಕಸ್ಟಮ್ಸ್‌ಗಾಗಿ ಸರಕನ್ನು ವರ್ಗೀಕರಿಸುವ ಅಂತರರಾಷ್ಟ್ರೀಯ ಸಂಖ್ಯೆ) ಬರೆಯಿರಿ. ಅಂಚೆಯಲ್ಲಿ ಕಡಿಮೆ ಬೆಲೆಯ ಸಣ್ಣ ಪ್ಯಾಕೆಟ್ಟಿಗೆ ಸಿಎನ್22, ಅದಕ್ಕಿಂತ ಹೆಚ್ಚಿನದಕ್ಕೆ ಸಿಎನ್23 ಎಂಬ ಕಸ್ಟಮ್ಸ್ ಘೋಷಣೆಯ ನಮೂನೆ. ಸುಂಕ ಯಾರು ಕಟ್ಟುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರಲಿ.

ಬುಕ್ ಆದ ಮೇಲೆ ‘ಲೇಬಲ್ ತಯಾರಾಗಿದೆ’ ಎಂಬ ಸಂದೇಶ ನೋಡಿ ನೆಮ್ಮದಿಯಾಗಬೇಡಿ. ಪಾರ್ಸೆಲ್ ಇನ್ನೂ ನಿಮ್ಮ ಮೇಜಿನ ಮೇಲೇ ಇದ್ದರೂ ಅದು ಬರುತ್ತದೆ. ನಿಜವಾದ ಗಡಿಯಾರ ಶುರುವಾಗುವುದು ಮೊದಲ ಸ್ಕ್ಯಾನ್‌ನಿಂದ. ಮರುದಿನ ಬೆಳಿಗ್ಗೆಯೂ ಅದು ಕಾಣದಿದ್ದರೆ ಆಗಲೇ ಫೋನ್ ಮಾಡಿ, ಗಡುವಿನ ದಿನಕ್ಕೆ ಕಾಯಬೇಡಿ. ಹಾಗೆ ಮಾಡುವ ಮುಂಚೆ ನಂಬರ್ ಸರಿಯಿದೆಯೇ ನೋಡಿಕೊಳ್ಳಿ. ಅಂತರರಾಷ್ಟ್ರೀಯ ಅಂಚೆಯ ಟ್ರ್ಯಾಕಿಂಗ್ ಸಂಖ್ಯೆಗೆ 13 ಸ್ಥಾನ: ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಒಂಬತ್ತನೆಯ ಅಂಕಿ ತಾಳೆಗಾಗಿ ಇರುವಂಥದ್ದು. ಮೊದಲ ಎಂಟನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿ, 11ರಿಂದ ಭಾಗಿಸಿ, ಶೇಷವನ್ನು 11ರಲ್ಲಿ ಕಳೆಯಬೇಕು. 12345678 ಆದರೆ ಮೊತ್ತ 204, ಶೇಷ 6, ತಾಳೆ ಅಂಕಿ 5. ಉತ್ತರ 10 ಬಂದರೆ 0, 11 ಬಂದರೆ 5 ಎಂದು ತೆಗೆದುಕೊಳ್ಳುತ್ತಾರೆ. ತಾಳೆಯಾಗದಿದ್ದರೆ ನಂಬರ್ ಬರೆದುಕೊಂಡದ್ದೇ ತಪ್ಪು, ಪಾರ್ಸೆಲ್ ಕಳೆದಿದೆ ಎಂದುಕೊಳ್ಳಬೇಡಿ.

‘ಗ್ಯಾರಂಟಿ’ ಎಂದು ಬರೆದಿರುವ ಸೇವೆಯ ಷರತ್ತುಗಳನ್ನು ಓದಿ. ತಡವಾದರೆ ಸಿಗುವುದು ಸಾಮಾನ್ಯವಾಗಿ ಸಾಗಣೆ ಶುಲ್ಕ ಮಾತ್ರ, ಕೈತಪ್ಪಿದ ಟೆಂಡರಿನ ನಷ್ಟವಲ್ಲ. ಹವಾಮಾನ, ಕಸ್ಟಮ್ಸ್, ತಪ್ಪು ವಿಳಾಸ, ಮನೆಯಲ್ಲಿ ಯಾರೂ ಇಲ್ಲದಿರುವುದು ಇವೆಲ್ಲ ಅದರ ಹೊರಗೆ. ವಿಮೆ ಮಾಡಿಸಿದರೂ ಮೂಲ ಪ್ರಮಾಣಪತ್ರ ಮರಳಿ ಬರುವುದಿಲ್ಲ, ಆದ್ದರಿಂದ ದೃಢೀಕೃತ ಪ್ರತಿ ಸಾಕಾಗುವ ಕಡೆ ಮೂಲವನ್ನು ಕಳಿಸಲೇಬೇಡಿ. ಪ್ರತಿಗಳೇ ಆದರೆ ಎರಡು ಬೇರೆ ಕಂಪನಿಗಳ ಮೂಲಕ ಒಂದೊಂದು ಕಳಿಸುವುದು ದುಬಾರಿಯಾದರೂ ಒಳ್ಳೆಯ ಉಪಾಯ. ದೂರು ಕೊಡಲೂ ಗಡುವು ಇದೆ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯವಾಗುವ ಅಂತರರಾಷ್ಟ್ರೀಯ ವಿಮಾನ ಸರಕಿಗೆ ಹಾನಿಯ ದೂರು 14 ದಿನದೊಳಗೆ, ತಡದ ದೂರು 21 ದಿನದೊಳಗೆ ಲಿಖಿತವಾಗಿ ಹೋಗಬೇಕು. ಅಂಚೆಯ ಟಪಾಲು ಈ ಅವಧಿಗಳಿಗೆ ಒಳಪಡುವುದಿಲ್ಲ, ಅದಕ್ಕೆ ಅಂಚೆಯವರದೇ ನಿಯಮ. ಪೆಟ್ಟಿಗೆ ಜಜ್ಜಿದ್ದರೆ ಸಹಿ ಹಾಕುವ ಮೊದಲೇ ಆ ಮಾತು ದಾಖಲಾಗಲಿ, ಫೋಟೊ ತೆಗೆಯಿರಿ, ತೀರ್ಮಾನವಾಗುವವರೆಗೆ ಹೊರಗಿನ ಪೆಟ್ಟಿಗೆಯನ್ನು ಎಸೆಯಬೇಡಿ.

ಇಷ್ಟೆಲ್ಲ ಎಚ್ಚರ ಕಳಿಸುವವರ ಪಾಲಿನದು. ಇನ್ನು ಎರಡು ಕೆಲಸ ಬೇರೆಯವರಿಂದ ಆಗಬೇಕು. ಅರ್ಜಿ, ಟೆಂಡರ್, ಪ್ರವೇಶಾತಿಯ ಪ್ರಕಟಣೆ ಹೊರಡಿಸುವ ಸಂಸ್ಥೆಗಳು ಕೊನೆಯ ದಿನಾಂಕ ಎಂದರೆ ಅಂಚೆಗೆ ಹಾಕುವ ದಿನವೋ ಕಚೇರಿಗೆ ತಲುಪುವ ದಿನವೋ, ತಲುಪುವುದಾದರೆ ಯಾವ ಕೋಣೆಗೆ, ಎಷ್ಟು ಗಂಟೆಯೊಳಗೆ ಎಂಬುದನ್ನು ಅದೇ ಪ್ರಕಟಣೆಯಲ್ಲಿ ಮುದ್ರಿಸಲಿ. ಸಾಗಣೆ ಕಂಪನಿಗಳು ಮತ್ತು ಅಂಚೆ ಕಚೇರಿಗಳು ಪ್ರತಿ ಕೌಂಟರಿನ ಎದುರು ದರಪಟ್ಟಿಯ ಪಕ್ಕದಲ್ಲೇ ಆ ಕೌಂಟರಿನ ಕೊನೆಯ ವಾಹನ ಹೊರಡುವ ವೇಳೆಯನ್ನೂ ದೊಡ್ಡ ಅಕ್ಷರದಲ್ಲಿ ತೂಗುಹಾಕಲಿ, ಅದು ದಾಟಿದ ಮೇಲೆ ಬುಕ್ ಆದ ರಸೀದಿಯ ಮೇಲೆ ಮರುದಿನದ ದಿನಾಂಕವನ್ನೇ ಹಾಕಿ ಕೊಡಲಿ.

ಇತಿ,
ರವಾನೆ ವಿಭಾಗದ ನೌಕರರು