ನಮ್ಮ ಮ್ಯಾಚಿಗೆ ಜನ ಮತ್ತೆ ಬರಬೇಕು: ಶಾಸಕರಿಗೊಂದು ಬಹಿರಂಗ ಪತ್ರ

ಬೆಳಗಾವಿ ದಕ್ಷಿಣ ಕ್ಷೇತ್ರದ ಮಾನ್ಯ ಶಾಸಕರಿಗೆ,

ಸಾಹೇಬರೇ, ನಮಸ್ಕಾರ.

ಕಳೆದ ರವಿವಾರ ನಮ್ಮ ಗಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಮ್ಯಾಚ್ ಇತ್ತು. ನೋಡಲು ಬಂದವರನ್ನು ಎಣಿಸಿದೆ. 31 ಜನ. ಅರ್ಧಕ್ಕರ್ಧ ಆಟಗಾರರ ಮನೆಯವರೇ.

ಮ್ಯಾಚ್ ಮುಗಿದ ಮೇಲೆ ಗೋಲ್ ಪೋಸ್ಟಿನ ಬಲೆ ಬಿಚ್ಚುತ್ತಿದ್ದೆ. ವಡಗಾವಿಯ ಕಾಕಾ ಒಬ್ಬರು ಸೈಕಲ್ ನಿಲ್ಲಿಸಿದರು. ನೇಕಾರರು. ಮೊದಲೆಲ್ಲ ಮ್ಯಾಚ್ ಇದ್ದ ದಿನ ಮಗ್ಗ ಬಂದ್ ಮಾಡಿ ಬರುತ್ತಿದ್ದವರು. “ಇವತ್ತ ಮ್ಯಾಚ್ ಇತ್ತೇನೋ ತಮ್ಮಾ? ನನಗ ಯಾರೂ ಹೇಳಲೇ ಇಲ್ಲಲ್ಲ” ಅಂದರು. ಹೊಟ್ಟೆಯಲ್ಲಿ ಚುರ್ ಅಂತು.

ನಮ್ಮ ಕ್ಲಬ್ ಒಂಬತ್ತು ವರ್ಷದಿಂದ ಕೆಳಗಿನ ಡಿವಿಷನ್‌ನಲ್ಲಿದೆ. ಮೊದಲು ಗೆಲ್ಲಿ, ಜನ ತಾನಾಗೇ ಬರ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕ್ಲಬ್ 2008ರಲ್ಲಿ ಅಲ್ಲಿನ ಹೆಸರಾಂತ ಪಂದ್ಯಾವಳಿ ಎಫ್‌ಎ ಕಪ್ ಗೆದ್ದಿತ್ತು. ಐದೇ ವರ್ಷದಲ್ಲಿ ಸಾಲಕ್ಕೆ ಸಿಕ್ಕಿ ನಾಲ್ಕನೇ ದರ್ಜೆಯ ಲೀಗಿಗೆ ಬಿತ್ತು. 2013ರಲ್ಲಿ ಅಭಿಮಾನಿಗಳೇ ದುಡ್ಡು ಹಾಕಿ ಕ್ಲಬ್ ಉಳಿಸಿಕೊಂಡರು. ಅಲ್ಲಿಂದ ಮೇಲೇಳಲು ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕೂ ವರ್ಷ ಅವರ ಮೈದಾನಕ್ಕೆ ಸರಾಸರಿ 15 ಸಾವಿರಕ್ಕೂ ಜಾಸ್ತಿ ಜನ ಬಂದರು. ಗೆಲುವಿಗಿಂತ ಮೊದಲೇ ಜನ ಇದ್ದರು, ಅಲ್ವಾ? ಕೆಳಗಿದ್ದ ಕ್ಲಬ್ ಮೇಲೆದ್ದ ಉದಾಹರಣೆ ನಮ್ಮ ದೇಶದ್ದೇ ಬೇಕೆಂದರೆ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಇದೆ. 1891ರ ಕ್ಲಬ್. ವರ್ಷಗಟ್ಟಲೆ ಐ-ಲೀಗಿನ ಎರಡನೇ ಡಿವಿಷನ್‌ನಲ್ಲಿ ಆಡಿ, 2024ರಲ್ಲಿ ಐ-ಲೀಗ್ ಗೆದ್ದು ದೇಶದ ಅತಿ ಮೇಲಿನ ಲೀಗ್ ಐಎಸ್‌ಎಲ್‌ಗೆ ಏರಿತು.

ಬೆಳಗಾವಿಗೆ ಫುಟ್‌ಬಾಲ್ ಹೊಸದಲ್ಲ. ಪಕ್ಕದಲ್ಲೇ ಗೋವಾ. ಲೇಲೆ ಮೈದಾನದ ಆಟ ನೋಡುತ್ತಲೇ ನಾನು ದೊಡ್ಡವನಾದೆ. ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು, ಶೇಂಗಾ ತಿನ್ನುತ್ತಾ ನಿಲ್ಲುತ್ತಿದ್ದ ಜನ ಎಲ್ಲಿಗೂ ಹೋಗಿಲ್ಲ. ಮ್ಯಾಚ್ ಯಾವಾಗ ಅನ್ನುವುದೇ ಅವರಿಗೆ ತಿಳಿಯುತ್ತಿಲ್ಲ. ನಾವು ಆಡುವ ಮೈದಾನ ಒಮ್ಮೆ ಸಭೆಗೆ, ಒಮ್ಮೆ ವಸ್ತು ಪ್ರದರ್ಶನಕ್ಕೆ ಹೋಗುತ್ತದೆ. ಈ ಸಲ ನಾಲ್ಕು ಬಾರಿ ತಾರೀಖು ಬದಲಾಯಿತು. ಜನರಾದರೂ ಎಷ್ಟು ಸಲ ಸುಮ್ನೆ ಬಂದು ವಾಪಸ್ ಹೋಗಬೇಕು?

ಅದಕ್ಕೇ ಕೇಳುತ್ತಿದ್ದೇನೆ. ಲೀಗ್ ನಡೆಯುವ ತಿಂಗಳುಗಳಲ್ಲಿ ರವಿವಾರ ಸಂಜೆ ಮೈದಾನ ಆಟಕ್ಕೇ ಇರಲಿ. ಮಧ್ಯಸ್ಥಿಕೆ ವಹಿಸಿ ಇದೊಂದನ್ನು ಗಟ್ಟಿ ಮಾಡಿಸಿಕೊಡಿ. ನಿಮ್ಮ ಶಾಸಕರ ನಿಧಿಯಿಂದ ಇನ್ನೂರು ಜನ ಕೂರುವಷ್ಟು ಮೆಟ್ಟಿಲು, ಮೇಲೊಂದು ತಗಡಿನ ಚಪ್ಪರ, ಹೆಣ್ಣುಮಕ್ಕಳಿಗೆ ಶೌಚಾಲಯ ಆಗಲಿ. ನಮ್ಮ ಗೋಲ್‌ಕೀಪರ್ ಹುಡುಗನ ತಾಯಿ ಆವತ್ತು ಕಂಕುಳಲ್ಲಿ ಕೂಸು ಎತ್ತಿಕೊಂಡು ಪೂರ್ತಿ ಮ್ಯಾಚ್ ನಿಂತೇ ನೋಡಿದರು. ಅಂಥವರನ್ನು ಮತ್ತೆ ಬನ್ನಿ ಅಂತ ಯಾವ ಬಾಯಿಂದ ಕರೆಯಲಿ?

ಮನೆಮನೆಗೆ ಹೋಗಿ ಹೇಳುವ ಕೆಲಸ ನಮ್ಮದು. ಶಹಾಪುರ, ವಡಗಾವಿಯ ಚಹಾ ಅಂಗಡಿಗಳಲ್ಲಿ ಬೋರ್ಡ್ ಬರೆಯಲು ಶುರು ಮಾಡಿದ್ದೇವೆ.

ಬರುವ ರವಿವಾರ ನಾಲ್ಕು ಗಂಟೆಗೆ ಮ್ಯಾಚ್ ಇದೆ. ಆ ಕಾಕಾ ಬರುತ್ತೇನೆ ಅಂದಿದ್ದಾರೆ. ನೀವೂ ಬನ್ನಿ.

ಇಂತಿ,
ಗಲ್ಲಿ ಕ್ಲಬ್ಬಿನ ಒಬ್ಬ ಕಾರ್ಯಕರ್ತ