ಆ ಮನೆಯಲ್ಲಿ ಯಾರೂ ನನಗೆ ಇಷ್ಟವಾಗಲಿಲ್ಲ, ಗೆಳೆಯಾ

ಪ್ರೀತಿಯ ಗೆಳೆಯಾ,

ನೀನು ಅರ್ಧಕ್ಕೇ ಕೈಬಿಟ್ಟ, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯನ್ನ ಮೊನ್ನೆ ರಾತ್ರಿ ಎರಡನೇ ಸಲ ಓದಿ ಮುಗಿಸಿದೆ. “ಆ ಮನೇಲಿ ಇಷ್ಟಪಡೋಕೆ ಅಂತ ಒಬ್ಬರಾದರೂ ಇದ್ದಾರೇನೋ? ಮತ್ಯಾಕೆ ಓದಬೇಕು?” ಅಂತ ಫೋನಿನಲ್ಲಿ ರೇಗಿದ್ದೆಯಲ್ಲ, ಅವತ್ತು ನನಗೆ ಉತ್ತರ ಹೊಳೆದಿರಲಿಲ್ಲ. ಈಗ ಎಲ್ಲರೆದುರು ಬರೀತಿದ್ದೀನಿ ಅಂತ ಬೈಯಬೇಡ. ಎದುರಿಗೆ ಕೂತರೆ ನೀನು ಮಾತು ಮುಗಿಸೋಕೆ ಬಿಡೋದಿಲ್ಲ, ಮೂರನೇ ವಾಕ್ಯಕ್ಕೇ “ಕೊಡೆ ಎಲ್ಲಿ?” ಅಂತೀಯ.

ನನಗೂ ಅವರ್‍ಯಾರೂ ಇಷ್ಟವಾಗಲಿಲ್ಲ. ಚಿಕ್ಕಪ್ಪನ ದುಡ್ಡಿನ ನೆರಳಲ್ಲಿ ಬೆಚ್ಚಗೆ ಕೂತಿರೋ ಸಂಸಾರ ಅದು. ಕತೆ ಹೇಳೋನಿಗೆ ಹೆಸರಿಗೊಂದು ಹುದ್ದೆ, ಮಾಡೋಕೆ ಕೆಲಸವಿಲ್ಲ. ಇಂಥವನ ಪಕ್ಕ ನಾನು ಹತ್ತು ನಿಮಿಷ ಕೂರಲಾರೆ. ಆದರೂ ಪುಸ್ತಕ ಕೆಳಗಿಡೋಕಾಗಲಿಲ್ಲ.

ಯಾಕೆ ಅಂದರೆ ಆ ದನಿ. ವಿವೇಕ ಶಾನಭಾಗರು ಅವನ ಬಾಯಲ್ಲಿ ಎಂಥ ತಣ್ಣನೆ ಮಾತು ಆಡಿಸಿದ್ದಾರೆ! ಹಳೇ ಮನೇಲಿ ಇರುವೆಗಳ ಮೇಲೆ ಅವನ ಅಮ್ಮ, ಒಡಹುಟ್ಟಿದ ಮಾಲತಿ ಯುದ್ಧ ಸಾರೋ ಪುಟಗಳನ್ನ ಮೊದಲ ಸಲ ನಗ್ತಾ ಓದಿದ್ದೆ. ಚಿಕ್ಕಪ್ಪನನ್ನ ಕೇಳಿಕೊಂಡು ಒಬ್ಬ ಹೆಂಗಸು ಡಬ್ಬಿ ಹಿಡಿದು ಬಾಗಿಲಿಗೆ ಬರ್ತಾಳಲ್ಲ, ಅವಳನ್ನ ಬಾಯಿಗೆ ಬಂದಂತೆ ಬೈದು ಅಟ್ಟೋರೂ ಅದೇ ಅಮ್ಮ, ಅದೇ ಮಾಲತಿ. ಚಿಕ್ಕಪ್ಪ ಮನೆಯೊಳಗೇ ಇದ್ದಾನೆ, ಹೊರಗೆ ಬರೋದಿಲ್ಲ. ಕತೆ ಹೇಳೋ ಇವನು ನೋಡ್ತಾ ನಿಂತಿರ್ತಾನೆ. ಸೊಸೆಯಾಗಿ ಬಂದ ಅನಿತಾ ಒಬ್ಬಳಿಗೇ ಅದು ಸಹಿಸೋಕಾಗೋದಿಲ್ಲ. ಮನೆಯವರ ವಿಷಯ ಬಂದಾಗಲೆಲ್ಲ ಅವನ ಬಾಯಿಗೆ ‘ನಾವು’ ಅನ್ನೋದು ಎಷ್ಟು ಸಲೀಸಾಗಿ ಬರುತ್ತೆ ಅಂತ ನೋಡು. ಓದ್ತಾ ಓದ್ತಾ ಆ ‘ನಾವು’ ಒಳಗೆ ನಾನೂ ಸೇರಿಕೊಂಡಿದ್ದೆ, ಗೊತ್ತೇ ಆಗಲಿಲ್ಲ.

ಫ್ರೆಂಚ್ ಲೇಖಕ ಫ್ಲೊಬೇರನ ಕಾದಂಬರಿ ‘ಮದಾಂ ಬೊವಾರಿ’ ಮೇಲೆ 1857ರಲ್ಲಿ ಪ್ಯಾರಿಸ್ಸಿನಲ್ಲಿ ಕೇಸು ನಡೀತಲ್ಲ, ಸರ್ಕಾರಿ ವಕೀಲನ ತಕರಾರುಗಳಲ್ಲಿ ಇದೂ ಒಂದು: ಗಂಡನಿಗೆ ಮೋಸ ಮಾಡೋ ಆ ಬೊವಾರಿಯನ್ನ ತಪ್ಪು ಅನ್ನೋಕೆ ಕಾದಂಬರಿಯೊಳಗೆ ಒಂದು ಪಾತ್ರವೂ ಇಲ್ಲ. ಕೋರ್ಟು ಫ್ಲೊಬೇರನನ್ನ ಖುಲಾಸೆ ಮಾಡಿತು. ನಿನ್ನ ಸಿಟ್ಟೂ ಅದೇ ಜಾತಿದು ಅನಿಸುತ್ತೆ. ಸರಿ ತಪ್ಪು ಹೇಳೋಕೆ ಕತೆಯೊಳಗೇ ಒಬ್ಬರು ಬೇಕು ನಿನಗೆ. ಅಂಥವರು ಇಲ್ಲದಿದ್ದರೆ ಆ ಕೆಲಸ ಓದೋನ ಹೆಗಲಿಗೆ ಬೀಳುತ್ತೆ. ನನಗೆ ಬೇಕಾಗಿರೋದೇ ಅದು ಅಂತ ನಂಬಿಕೊಂಡಿದ್ದೆ, ಮೊನ್ನೆವರೆಗೆ.

ಮೊನ್ನೆ ಮತ್ತೆ ಆ ಬಾಗಿಲ ಹತ್ತಿರ ಬಂದಾಗ ಪುಟ ತಿರುಗಿಸೋಕೆ ಕೈ ಬರಲಿಲ್ಲ.

ನೀನು ಕೆಲಸ ಬಿಟ್ಟು ಮನೇಲಿದ್ದ ವರ್ಷ. ನಾವೆಲ್ಲ ಸೇರಿದ್ದ ಒಂದು ಸಂಜೆ ನಿನ್ನ ಮಾತು ಬಂತು. “ಅವನಿಗೆ ದುಡಿಯೋ ಮನಸ್ಸಿಲ್ಲ ಅಷ್ಟೆ, ನೆಪ ಹುಡುಕ್ತಾನೆ” ಅಂದರು ಒಬ್ಬರು. ನಿನ್ನ ಸ್ಥಿತಿ ಏನು ಅಂತ ಆ ಕೋಣೇಲಿ ಗೊತ್ತಿದ್ದವನು ನಾನೊಬ್ಬನೇ. ಹಿಂದಿನ ರಾತ್ರಿ ಎರಡು ಗಂಟೆವರೆಗೆ ನಿನ್ನ ಜೊತೆ ಮಾತಾಡಿದ್ದೆ. ಕೈಯಲ್ಲಿದ್ದ ಲೋಟದ ಅಂಚನ್ನ ಹೆಬ್ಬೆರಳಿಂದ ಉಜ್ಜುತ್ತಾ ಕೂತೆ. ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ಎಲ್ಲರೂ ನಕ್ಕರು.

ಇಲ್ಲ, ತಿದ್ದಿಕೊಳ್ತೀನಿ. ನಾನೂ ನಕ್ಕೆ, ಗೆಳೆಯಾ. ಇಷ್ಟು ವರ್ಷ ನನಗೆ ನಾನೇ ಇದನ್ನ ‘ಎಲ್ಲರೂ ನಕ್ಕರು’ ಅಂತಲೇ ಹೇಳಿಕೊಂಡು ಬಂದಿದ್ದೀನಿ. ಈಗ ನಿನಗೆ ಬರೆಯುವಾಗಲೂ ಮೊದಲು ಕೈಗೆ ಬಂದದ್ದು ಅದೇ ವಾಕ್ಯ.

ಆ ಕತೆ ಹೇಳೋನನ್ನ ಕಂಡರೆ ನನಗೆ ಈಗಲೂ ಆಗೋದಿಲ್ಲ. ಆದರೆ ಅವನ ಮಾತು ಅಷ್ಟು ಹದವಾಗಿ, ಅಷ್ಟು ನಿಧಾನವಾಗಿ ಕಿವಿಗೆ ಬೀಳದೇ ಇದ್ದಿದ್ದರೆ, ಆ ಲೋಟ ನನಗೆ ನೆನಪಾಗ್ತಾನೇ ಇರಲಿಲ್ಲ.

ಸಾಕು. ಇಷ್ಟೆಲ್ಲ ಬರೀಬೇಕು ಅಂತ ಕೂತವನಲ್ಲ, ಪುಸ್ತಕದ ಮಾತು ಪುಸ್ತಕದಲ್ಲೇ ಮುಗಿಸೋಣ ಅಂತಿದ್ದೆ. ಭಾನುವಾರ ಬರ್ತೀಯ ತಾನೆ? ಪುಸ್ತಕ ನಿನ್ನದೇ, ತಗೊಂಡು ಹೋಗು. ನೀನು ಗುರುತಿಗೆ ಮಡಚಿದ್ದ ಪುಟದ ಮೂಲೆ ಹಾಗೇ ಇದೆ, ನಾನು ನೆಟ್ಟಗೆ ಮಾಡಿಲ್ಲ.

ಕೊಡೆ ನನ್ನ ಹತ್ತಿರವೇ ಇದೆ.

ನಿನ್ನ,
ಮೂರನೇ ವಾಕ್ಯದವನು